ಕಸ್ತೂರೆವ್ವನ ಕೈ ಹೋದ ಕಡೆ

"ಎಂಟನೇ ಕ್ಲಾಸ ದಾಟಿಲ್ಲ, ಕಂಪ್ಯೂಟರ್ ರಿಪೇರಿ ಮಾಡ್ತಾನಂತ. ಇಂವನ ಕೈಯಾಗ ಕೊಟ್ಟು ಊರ ನೀರ ನಿಂದ್ರಸೂನೇನು?"

ಹಿಪ್ಪರಗಿ ಬಳಿಯ ನಮ್ಮ ಏತ ನೀರಾವರಿ ಸಂಘದ ಅಧ್ಯಕ್ಷ ಬಸಗೊಂಡಪ್ಪ ಹೀಗೆಂದಾಗ ಕಚೇರಿಯಲ್ಲಿ ಹದಿನೈದು ಮಂದಿ ರೈತರಿದ್ದರು. ಕೆಲವರು ನಕ್ಕರು. ನನ್ನ ಕಿವಿ ಕಾದವು. ಜಗಳಕ್ಕೆ ಹೊತ್ತಿರಲಿಲ್ಲ. ನಾಲ್ಕಕ್ಕೆ ವಾಲ್ವ್ ತೆರೆಯಬೇಕು. ಯಾರ ಕಬ್ಬಿಗೆ ಎಷ್ಟು ತಾಸು ನೀರು ಎಂಬ ಪಾಳಿ ಪಟ್ಟಿ ಗೋಡೆಗೆ ಹತ್ತದಿದ್ದರೆ ಹೊಲದಲ್ಲಿ ಬಡಿಗೆ ಏಳುತ್ತವೆ.

ಪಟ್ಟಿ ತೆಗೆಯುವವಳು ನನ್ನ ಸೋದರತ್ತೆ ಕಸ್ತೂರೆವ್ವ. ಎಂಟು ವರ್ಷ ಅದೇ ಕುರ್ಚಿ, ಅದೇ ವಿಂಡೋಸ್ ಎಕ್ಸ್‌ಪಿ. 2014ರಲ್ಲಿ ಕಂಪನಿಯವರು ಅದನ್ನು ಕೈಬಿಟ್ಟರು. ಆಮೇಲೆ ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಹೊಕ್ಕು, ಎರಡು ದಿನದಿಂದ ಯಂತ್ರ ಏಳುತ್ತಲೇ ಇರಲಿಲ್ಲ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಎಂದವನು ನಾನು. ಅದು ಅತ್ತೆಯ ಕೈಗೆ ಬಗ್ಗದಿದ್ದರೆ ಕುರ್ಚಿ ಅಧ್ಯಕ್ಷರ ಸೊಸೆ ಸೌಂದರ್ಯಾಳದು. ಆಕೆ ಜಮಖಂಡಿಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದಳು. ಅತ್ತೆಗೂ ಅದು ಗೊತ್ತಿತ್ತು.

ಎರಡು ಪೆನ್‌ಡ್ರೈವ್ ತಂದಿದ್ದೆ. ಹಳೆಯದನ್ನು ಅಳಿಸದೆ, ಅವುಗಳಿಂದಲೇ ಲಿನಕ್ಸ್ ನಡೆಸಿ ನೋಡಬಹುದು. ಮೊದಲು ಉಬುಂಟು ಎಂಬ ಬಗೆಯದನ್ನು ಹಚ್ಚಿದೆ. ನಾನು ದಿನಾ ಬಳಸುವುದು ಅದನ್ನೇ. ಪರದೆ ಚಂದ ಎದ್ದಿತು. ಅತ್ತೆಯ ಕೈ ಯಾರನ್ನೂ ಕೇಳದೆ ಬಾಣವನ್ನು ಎಡಗಡೆಯ ಕೆಳಮೂಲೆಗೆ ಒಯ್ದಿತು. ಎಂಟು ವರ್ಷ ಸ್ಟಾರ್ಟ್ ಬಟನ್ ಇದ್ದ ಜಾಗ. ಈಗ ಅಲ್ಲಿದ್ದುದು ಕಸದ ಬುಟ್ಟಿ. ಒತ್ತಿಯೇಬಿಟ್ಟಳು. ಖಾಲಿ ಕಿಟಕಿಯೊಂದು ತೆರೆಯಿತು.

"ಕಲ್ಮೇಶ, ಪಟ್ಟಿ ಕಸದಾಗ ಹೋತೇನೋ?"

"ಏನೂ ಹೋಗಿಲ್ಲತ್ತಿ. ಅಲ್ಲ್ಯಾಕ ಒತ್ತಿದಿ? ಮ್ಯಾಲ ನೋಡು, ಮ್ಯಾಲ."

ನನ್ನ ದನಿ ಏರಿತ್ತು. ಅತ್ತೆ ಮೌಸ್ ಬಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಕಲಿಸಾಂವಗ ಸಿಟ್ಟ ಬಂದ್ರ ಕಲಿಯಾಕಿಗೆ ಏನ ಬರತೈತಿ?" ಎಂದ ರೈತ ಹೊಳೆಪ್ಪ.

"ಬೆವರ," ಎಂದ ಪಕ್ಕದವನು.

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನನ್ನ ಮೇಲೇ ಸಿಟ್ಟು ಬಂತು. ಕೂರುವವಳು ಅತ್ತೆ, ನಾನು ಆರಿಸಿದ್ದು ನನಗೆ ಒಗ್ಗಿದ್ದನ್ನು.

ಎರಡನೆಯದು ಮಿಂಟ್, ಹಳೆಯ ಯಂತ್ರಕ್ಕೆ ಹೊಂದುವ ಹಗುರಾದ ಲಿನಕ್ಸ್. ಅದು ಏಳುವ ತನಕ ಉಗುರು ಕಡಿಯುತ್ತ ನಿಂತೆ. ಈ ಸಲ ಬಾಯಿ ಬಿಡಲಿಲ್ಲ. ಅತ್ತೆಯ ಕೈ ಮತ್ತೆ ಅದೇ ಮೂಲೆಗೆ ಹೋಯಿತು. ಮೆನು ತೆರೆಯಿತು. ಅಲ್ಲಿಂದ ತಡಕಾಡಿ, ಹಳೆಯ ಡಿಸ್ಕಿನೊಳಗಿನ ಪಟ್ಟಿಯನ್ನು ತಾನೇ ಹುಡುಕಿ ತೆರೆದಳು. ಹೆಸರುಗಳ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ.

"ಪಾಳಿ ಇನ್ನೂ ನಮ್ಮಪ್ಪನ ಹೆಸರಲೆ ಐತಿ. ಸತ್ತ ಮ್ಯಾಲ ಇಂಗ್ಲಿಷ್ ಕಲತಾನ ನೋಡ್ರಿ," ಎಂದ ಹೊಳೆಪ್ಪ. ಅಧ್ಯಕ್ಷರು ನಗಲಿಲ್ಲ, ಬಾಗಿಲ ಕಡೆ ತಿರುಗಿ ಸೌಂದರ್ಯಾಳನ್ನು ಕರೆತರಲು ಯಾರಿಗೋ ಸನ್ನೆ ಮಾಡಿದರು. ಮಿಂಟ್‌ನಲ್ಲಿ ಇಲ್ಲದ ಕನ್ನಡ ಫಾಂಟನ್ನು ಎಕ್ಸ್‌ಪಿಯೊಳಗಿಂದ ಹುಡುಕಿ ಹಾಕುವಾಗ ನನ್ನ ಬೆರಳು ಎರಡು ಸಲ ತಪ್ಪಿದವು. ಕೊನೆಗೆ ಹೆಸರುಗಳು ಕಂಡವು. ಅತ್ತೆ ನಾಲ್ಕು ಪಾಳಿ ತಿದ್ದಿ ಪ್ರಿಂಟ್ ಕೊಟ್ಟಳು. ಪ್ರಿಂಟರ್ ಕಿರ್ರೆಂದು ನಿಂತಿತು. ಮತ್ತೆ ಕಿರ್ರೆಂದು ಕಾಗದ ಉಗುಳಿತು.

ಮೂರೂವರೆಗೆ, ಸೌಂದರ್ಯಾ ಬರುವ ಮೊದಲೇ, ಪಟ್ಟಿ ಗೋಡೆ ಹತ್ತಿತು. ರೈತರು ಅದಕ್ಕೆ ಮುಗಿಬಿದ್ದರು. ಬಸಗೊಂಡಪ್ಪ ನನ್ನ ಬಳಿ ಬಂದರು.

"ಇವತ್ತೇನೋ ಆತು. ನಾಳಿ ನೀ ಇಲ್ಲದಾಗ ಇದು ಕೆಟ್ಟ ನಿಂತ್ರ ಯಾರನ್ನ ಕೇಳಬೇಕಲೇ ನಾವು?"

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ತಿರುಗಲಿಲ್ಲ, ಮುಂದಿನ ವಾರದ ಹೆಸರುಗಳನ್ನು ಒತ್ತುತ್ತಿದ್ದಳು. "ಅತ್ತೀನ ಕೇಳ್ರಿ," ಎಂದೆ. ಪೆನ್‌ಡ್ರೈವನ್ನು ಯಂತ್ರದಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದೆ.