ಡೈರಿಗೆ ಸೇರದ ಪ್ರಸಾದ

ತಂಗಿಗೆ ಒಂದು ಕಿಡ್ನಿ ಕೊಡುತ್ತೇನೆ ಎಂದು ನಾನು ಹೇಳಿದಾಗ ಡಾಕ್ಟರ್ ಯಶಶ್ರೀ ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು.

"ರಕ್ತ ಹೊಂದತ್ತೆ ವಾದಿರಾಜ್ ಸರ್, ಮಿಕ್ಕಿದ್ದೆಲ್ಲಾ ಹೊಂದತ್ತೆ. ಆದ್ರೆ ಎಂಬತ್ತೊಂಬತ್ತು ಕಿಲೋ ಇದೀರಿ. ನಿಮ್ಮ ಎತ್ತರಕ್ಕೆ ಎಂಬತ್ನಾಲ್ಕರ ಒಳಗೆ ಬರ್ಬೇಕು. ಶುಗರ್ರೂ ಗಡಿ ಮೇಲೆ ಕೂತಿದೆ. ಮೂರೂವರೆ ತಿಂಗಳು ಟೈಮ್. ಯುಗಾದಿ ಮಾರನೇ ದಿನ ಬನ್ನಿ, ಆವತ್ತು ತೀರ್ಮಾನ."

ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಬರುವ ಸುಪ್ರಜಾ ಪಕ್ಕದ ಕುರ್ಚಿಯಲ್ಲೇ ಇದ್ದಳು. ಅವಳ ಮೈಯಲ್ಲಿ ಶಕ್ತಿ ಇಲ್ಲ. ಇರುವ ಶಕ್ತಿಯೆಲ್ಲ ನಾಲಿಗೆಗೆ ಹೋಗಿದೆ.

"ಡಾಕ್ಟ್ರೇ, ಇವನು ಗಾಳಿ ಕುಡಿದ್ರೂ ದಪ್ಪ ಆಗ್ತಾನಂತೆ. ಮೂವತ್ತು ವರ್ಷದಿಂದ ಅದೇ ಹೇಳ್ತಿದಾನೆ."

"ಪೂರ್ತಿ ಸುಳ್ಳಲ್ಲ ಮೇಡಮ್," ಎಂದರು ಡಾಕ್ಟರು. "ತಿನ್ನೋದು ಒಂದು ಕಾರಣ. ವಂಶದಿಂದ ಬಂದಿದ್ದು ಒಂದು. ಈ ಊರಿನ ಹೊಗೆಗೂ ಬೊಜ್ಜಿಗೂ ಸಂಬಂಧ ಇದೆ ಅಂತ ಈಗ ಹೇಳ್ತಾರೆ. ಆದ್ರೆ ಮೂರರಲ್ಲಿ ಬಾಯಿ ಒಂದೇ ನಿಮ್ಮ ಕೈಲಿರೋದು."

ಬಾಲ್ಯದಲ್ಲಿ ಅಪ್ಪ ದಿನಾ ಸಂಜೆ ಕಾವ್ಯ ಓದುತ್ತಿದ್ದರು. ಕೂತು ಕೇಳಿ ತಲೆದೂಗುವುದಷ್ಟೇ ನನ್ನ ಕೆಲಸವಾಗಿತ್ತು. ಆ ಅಭ್ಯಾಸ ಹೋಗಿಲ್ಲ. ಐವತ್ನಾಲ್ಕು ವರ್ಷದಲ್ಲಿ ಯಾರಿಗೂ 'ಬೇಡ' ಎಂದವನಲ್ಲ. ಡಾಕ್ಟರಿಗೂ ತಲೆದೂಗಿದೆ.

ಆಟೋದಲ್ಲಿ ಸುಪ್ರಜಾ ಹೇಳಿದಳು: "ಅಪ್ಪನ ಮೈ ನಿನಗೆ, ಅಮ್ಮನ ಬಿಪಿ ನನಗೆ. ಒಂದು ಜಗಳ ಇಲ್ದೆ ಹೆಂಗೆ ಪಾಲಾಗಿದೆ ನೋಡು."

ಬಸವನಗುಡಿಯ ಹಳೆಯ ಮನೆಯಲ್ಲಿ ನಾವಿಬ್ಬರೇ. ಮದುವೆ ಇಬ್ಬರಿಗೂ ಕೂಡಿಬರಲಿಲ್ಲ. ಅವಳನ್ನು ಕಳೆದುಕೊಂಡರೆ ನನ್ನನ್ನು ಬೈಯುವವರು ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಹಾಗಾಗಿ ಮಾರನೇ ದಿನವೇ ವ್ರತದಂತೆ ಶುರುಮಾಡಿದೆ. ಬೆಳಿಗ್ಗೆ ಒಂದು ಗಂಟೆ ನಡಿಗೆ. ತಿಂದದ್ದನ್ನೆಲ್ಲ ಡೈರಿಯಲ್ಲಿ ಬರೆಯಬೇಕೆಂದಿದ್ದರು ಡಾಕ್ಟರು, ಅಕ್ಷರ ಬಿಡದೆ ಬರೆದೆ. ಎರಡು ಚಪಾತಿ. ಸೌತೆಕಾಯಿ ಕೋಸಂಬರಿ. ಮಜ್ಜಿಗೆ ಅರ್ಧ ಲೋಟ.

ನಡಿಗೆಗೆ ಜೊತೆಯಾದವರು ಹನುಮಂತನಗರದ ಮಾಯಣ್ಣ. ಸೈಟು ವ್ಯವಹಾರದವರು, ಗಟ್ಟಿ ದನಿ, ತೆಳ್ಳನೆಯ ಆಳು. ಆರು ಗಂಟೆಗೆ ಬಂದು ಬಾಗಿಲಲ್ಲಿ "ಸ್ವಾಮೀ, ಹೊರಡಣ್ವಾ?" ಎನ್ನುತ್ತಿದ್ದರು.

ಒಂದು ತಿಂಗಳ ಮೇಲೆ ಆಸ್ಪತ್ರೆಯ ತಕ್ಕಡಿ ತೊಂಬತ್ತು ತೋರಿಸಿತು.

ಡಾಕ್ಟರು ಡೈರಿಯನ್ನು ಎರಡು ಸಲ ತಿರುವಿ ಹಾಕಿದರು. "ಇದನ್ನ ತಿಂದು ಯಾರೂ ಒಂದು ಕಿಲೋ ಏರಕ್ಕಾಗಲ್ಲ. ಬೆಳಿಗ್ಗೆ ವಾಕಿಂಗ್‌ನಲ್ಲಿ ಏನಾದ್ರೂ ತಿಂತೀರಾ?"

"ಇಲ್ಲಮ್ಮ. ಸ್ನಾನ ಮಾಡ್ಕೊಂಡು ಹೋಗೋದು. ಪ್ರಸಾದ ಅಷ್ಟೇ."

"ಪ್ರಸಾದ ಅಂದ್ರೆ?"

ಧನುರ್ಮಾಸವಲ್ಲವೇ, ಬೆಳಕು ಹರಿಯುವ ಮೊದಲೇ ಎಲ್ಲ ಗುಡಿಗಳಲ್ಲೂ ಹುಗ್ಗಿ. ಗಣಪತಿಯಲ್ಲಿ ಸಿಹಿ ಹುಗ್ಗಿ ಒಂದು ದೊನ್ನೆ. ಆಂಜನೇಯನಲ್ಲಿ ಖಾರದ್ದು, ತುಪ್ಪ ಮೇಲೆ ನಿಂತಿರುತ್ತದೆ. ವೆಂಕಟರಮಣನಲ್ಲಿ ಪುಳಿಯೋಗರೆ. ರಾಯರ ಮಠದಲ್ಲಿ ಮತ್ತೆ ಸಿಹಿ, ದ್ರಾಕ್ಷಿ ಗೋಡಂಬಿ ಧಾರಾಳ. ನಾನು ಹೇಳುತ್ತಾ ಹೋದಂತೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದನ್ನ ಡೈರೀಲಿ ಯಾಕೆ ಬರೀಲಿಲ್ಲ?"

ನನಗೆ ನಿಜಕ್ಕೂ ಆಶ್ಚರ್ಯವಾಯಿತು. "ನೀವು ಊಟ ತಿಂಡಿ ಬರೀರಿ ಅಂದ್ರಿ. ಅದು ಊಟ ಅಲ್ವಲ್ಲಮ್ಮ, ಪ್ರಸಾದ."

ಸುಪ್ರಜಾ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಕ್ಕು ನಕ್ಕು ಸುಸ್ತಾಗಿ ನರ್ಸು ಬಂದು ಬಿಪಿ ನೋಡಬೇಕಾಯಿತು.

ದಾರಿ ಬದಲಿಸಿದೆ. ಗುಡಿಗಳಿಲ್ಲದ ದಾರಿ ಎಂದರೆ ಬಸ್ಸಿನ ದೊಡ್ಡ ರಸ್ತೆ. ಮಾಯಣ್ಣನವರು ಗೊಣಗುತ್ತಲೇ ಬಂದರು. ಬಸ್ಸು, ಲಾರಿ, ಅಗೆದು ಬಿಟ್ಟ ಫುಟ್‌ಪಾತಿನ ಧೂಳು. ತಿಂಗಳಲ್ಲಿ ಎರಡು ಕಿಲೋ ಇಳಿಯಿತು, ಕೆಮ್ಮು ಏರಿತು. ರಾತ್ರಿಯೆಲ್ಲ ನಾನು ಕೆಮ್ಮಿದರೆ ಪಕ್ಕದ ಕೋಣೆಯಿಂದ "ಅಣ್ಣಾ, ಬೆಂಗಳೂರನ್ನೆಲ್ಲಾ ನೀನೇ ಗುಡಿಸಿಕೊಂಡು ಬಂದ್ಯಾ?" ಎಂಬ ದನಿ.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಮುಖ ಸಿಂಡರಿಸಿದರು. "ಶ್ವಾಸಕೋಶ ಹೀಗಿದ್ರೆ ಅರಿವಳಿಕೆ ಕೊಡೋರು ಒಪ್ಪಲ್ಲ. ಆ ರಸ್ತೆ ಬಿಡಿ. ಮರ ಇರೋ ಒಳದಾರೀಲಿ ನಡೀರಿ."

ಮರ ಇರುವ ಒಳದಾರಿ ಎಂದರೆ ಮತ್ತೆ ಅದೇ ನಾಲ್ಕು ಗುಡಿ. ಧನುರ್ಮಾಸ ಮುಗಿದಿದ್ದರೂ ದೊನ್ನೆಗಳು ಮುಗಿದಿರಲಿಲ್ಲ.

"ಒಂದು ಬೀದೀಲಿ ಬಸ್ಸು, ಇನ್ನೊಂದು ಬೀದೀಲಿ ದೇವರು. ಇಬ್ಬರೂ ನಿನ್ನ ಮೇಲೇ ಬರ್ತಾರಲ್ಲೋ," ಎಂದಳು ಸುಪ್ರಜಾ. ಆಮೇಲೆ ಅವಳೇ ತೀರ್ಪು ಕೊಟ್ಟಳು. "ಪ್ರಸಾದ ಬೇಡ ಅನ್ನಬಾರದು, ಸರಿ. ಕಣ್ಣಿಗೊತ್ತಿಕೋ. ಒಂದು ಅಗುಳು ಬಾಯಿಗೆ ಹಾಕ್ಕೋ. ಮಿಕ್ಕಿದ್ದು ಹಂಚು. ಒಂದು ಅಗುಳಲ್ಲಿ ಇಲ್ಲದ ದೇವರು ದೊನ್ನೆ ತುಂಬಾ ಇರ್ತಾನಾ?"

ಹಂಚಲು ಪಕ್ಕದಲ್ಲೇ ಮಾಯಣ್ಣ ಇದ್ದರು. "ಕೊಡಿ ಸ್ವಾಮಿ, ತಂಗ್ಯಮ್ಮನಿಗೋಸ್ಕರ ಅಷ್ಟೂ ಮಾಡಲ್ವಾ?" ಎಂದು ತಮ್ಮ ದೊನ್ನೆಯ ಮೇಲೆ ನನ್ನ ದೊನ್ನೆಯನ್ನೂ ಖಾಲಿ ಮಾಡುತ್ತಿದ್ದರು. ಸೇವೆಯಲ್ಲಿ ಒಂದು ದಿನವೂ ತಪ್ಪಲಿಲ್ಲ. ಮೂರು ವಾರಕ್ಕೆ ನಾನು ಎಂಬತ್ತೈದಕ್ಕೆ ಬಂದೆ.

ನಾಲ್ಕನೆಯ ವಾರ ಅವರ ಹೆಂಡತಿ ಪ್ರತಿಭಾ ಮನೆಗೇ ಬಂದರು. ಕೈಯಲ್ಲಿ ಗಂಡನ ಬೆಲ್ಟು.

"ನೋಡಿ ಇದನ್ನ, ತೂತು ಮುಗಿದೋಗಿದೆ. ಕಿಡ್ನಿ ಕೊಡೋರು ನೀವು, ಹೊಟ್ಟೆ ಬರೋದು ನಮ್ಮೆಜಮಾನ್ರಿಗಾ? ಯಾವ ನ್ಯಾಯ ಸ್ವಾಮಿ ಇದು?"

ನಾನು ತಲೆದೂಗಿದೆ. ನ್ಯಾಯ ಅವರ ಕಡೆಗೇ ಇತ್ತು. ಅಂದಿನಿಂದ ನನ್ನ ದೊನ್ನೆಗಳು ಆಟೋ ಸ್ಟ್ಯಾಂಡಿಗೆ ಹೋದವು.

ಆದರೆ ಎಂಬತ್ತೈದರಿಂದ ಕೆಳಕ್ಕೆ ಮುಳ್ಳು ಅಲುಗಲಿಲ್ಲ. ಒಂದು ವಾರ, ಎರಡು ವಾರ. ಒಂದು ಅಗುಳು ತಿಂದು, ಗಾಳಿ ನೋಡಿಕೊಂಡು ನಡೆದರೂ ಇಲ್ಲ. ಉಳಿದ ಕಾರಣ ವಂಶವೇ ಇರಬೇಕು, ಅಪ್ಪ ಬಿಡುತ್ತಿಲ್ಲ ಎಂದುಕೊಂಡೆ. ಯುಗಾದಿಗೆ ನಾಲ್ಕು ದಿನ ಮುಂಚೆ ಮೇಲಿನ ಗೂಡಿನಲ್ಲಿ ದೀಪದ ಬತ್ತಿ ಹುಡುಕುವಾಗ ತುಪ್ಪದ ಡಬ್ಬ ಕೈಗೆ ಸಿಕ್ಕಿತು. ತಿಂಗಳ ಮೊದಲಲ್ಲಿ ತಂದದ್ದು, ತಳ ಕಾಣುತ್ತಿತ್ತು. ಸುಪ್ರಜಾ ತುಪ್ಪ ಮುಟ್ಟುವುದಿಲ್ಲ. ನಾನಂತೂ ಕೇಳಿಲ್ಲ. ಆಗ ನೆನಪಾಯಿತು, ಈಚೆಗೆ ಚಪಾತಿ ಬಾಯಲ್ಲಿಟ್ಟರೆ ಕರಗುತ್ತಿತ್ತು. ಅವಳ ಕೈಗುಣ ಎಂದುಕೊಂಡಿದ್ದೆ.

ಅಂದಿನಿಂದ ಚಪಾತಿ ನಾನೇ ಬೇಯಿಸಿಕೊಂಡೆ. ಅವೆಲ್ಲ ಒಂದೊಂದು ದೇಶದ ಆಕಾರದಲ್ಲಿದ್ದವು.

ಯುಗಾದಿಯ ಬೆಳಿಗ್ಗೆ ಮನೆಯ ತಕ್ಕಡಿ ಎಂಬತ್ನಾಲ್ಕು ಕಾಲು ತೋರಿಸಿತು. ಮಧ್ಯಾಹ್ನ ಸುಪ್ರಜಾ ಎಲೆ ಹಾಕಿದಳು. ತಾನು ತಿನ್ನುವಂತಿಲ್ಲದ ಹೋಳಿಗೆಯನ್ನು ಬೆಳಿಗ್ಗೆಯಿಂದ ನಿಂತು ಲಟ್ಟಿಸಿದ್ದಳು. ಎರಡು ಹೋಳಿಗೆ, ಪಕ್ಕದಲ್ಲಿ ಬಿಸಿ ತುಪ್ಪದ ಗಿಂಡಿ.

"ಹಬ್ಬ ಕಣೋ. ಬೇಡ ಅನ್ನಬಾರದು."

"ನಾಳೆ ತೂಕ ಸುಪ್ರಜಾ."

"ಒಂದು ತಿಂಗಳು ಮುಂದಕ್ಕೆ ಹೋಗ್ಲಿ. ಏನ್ ಮುಳುಗೋಗತ್ತೆ?"

"ಚಪಾತಿಗೂ ಅದಕ್ಕೇ ತುಪ್ಪ ಹಾಕಿದ್ಯಾ?"

ಅವಳು ಬಾಗಿ ನಿಂತವಳು ಹಾಗೇ ನಿಂತಳು.

"ನೀನು ಎಂಬತ್ತೈದಕ್ಕೆ ಬರೋವರೆಗೂ ತಮಾಷೆ ಅನ್ಕೊಂಡಿದ್ದೆ," ಎಂದಳು ಆಮೇಲೆ. "ನಿನ್ನ ಕೈಲಿ ಆಗಲ್ಲ ಅನ್ಕೊಂಡಿದ್ದೆ. ಅವರು ನಿನ್ನ ಹೊಟ್ಟೆ ಕುಯ್ದು, ಏನಾದ್ರೂ ಹೆಚ್ಚುಕಮ್ಮಿ ಆಗಿ... ನಾನೇನು, ಡಯಾಲಿಸಿಸ್‌ನಲ್ಲೇ ಹೇಗೋ ತಳ್ತೀನಿ. ಸುಮ್ನೆ ತಿನ್ನೋ."

ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಇಟ್ಟು "ಬೇಡ" ಎಂದೆ.

"ಕೈ ತೆಗಿ."

"ಬೇಡ."

"ತೆಗೀತೀಯೋ, ಇಲ್ಲ ಬಡಿಸಲೋ?"

ತೆಗೆಯಲಿಲ್ಲ. ಅವಳು ಬಡಿಸಿಯೇಬಿಟ್ಟಳು. ತುಪ್ಪ ಬೆರಳ ಗೆಣ್ಣುಗಳ ಮೇಲೆ ಇಳಿದು ಉಂಗುರದ ಸುತ್ತ ಹರಿಯಿತು. ಚುರ್ ಎಂದಿತು. ಅಲುಗಾಡಲಿಲ್ಲ. ಮರುಕ್ಷಣ ಅವಳೇ "ಅಯ್ಯೋ ಮುಂಡೇದೇ, ಕೈ ತೆಗೀಬಾರ್ದಾ!" ಎಂದು ಗಿಂಡಿ ಬಿಸಾಕಿ, ನನ್ನನ್ನು ನಲ್ಲಿಯ ಹತ್ತಿರ ದರದರ ಎಳೆದುಕೊಂಡು ಹೋಗಿ, ನೀರು ಬಿಟ್ಟು ಅಳತೊಡಗಿದಳು.

ಮಾರನೇ ದಿನ ಆಸ್ಪತ್ರೆಯ ತಕ್ಕಡಿಯಲ್ಲಿ ಎಂಬತ್ಮೂರು ಮುಕ್ಕಾಲು. ಶುಗರ್ ಗಡಿಯಿಂದ ಈಚೆಗೆ ಬಂದಿತ್ತು.

"ಕೈಗೇನಾಯ್ತು?" ಎಂದು ಡಾಕ್ಟರು ಕೇಳಿದರು.

"ಹಬ್ಬದ ಊಟ," ಎಂದಳು ಸುಪ್ರಜಾ. "ಬರೀರಿ ಡಾಕ್ಟ್ರೇ, ಆಪರೇಷನ್ ತಾರೀಖು ಬರೀರಿ. ಬೇಡ ಅನ್ನಕ್ಕೆ ಈಗಷ್ಟೇ ಕಲ್ತಿದಾನೆ. ಇನ್ನು ತಡ ಮಾಡಿದ್ರೆ ನನ್ನ ಮಾತು ಯಾವುದೂ ನಡೆಯಲ್ಲ."