ಮೂರು ಗೀರಿನ ದಾಮೋದರಣ್ಣ

ನಾಲ್ಕನೇ ಕ್ಲಾಸಿನ ನನ್ನ ಮಗಳು ಚಂದನಾಳ ಹೆಬ್ಬೆರಳಿನ ಎರಡು ಹೊಲಿಗೆ ಬಿಚ್ಚಿ ವಾರವಾಯಿತು. ಗಾಯ ಮಾಗಿದೆ, ಬೆರಳು ಮಡಚುತ್ತದೆ. ಆದರೂ ಅವಳು ಪೆನ್ಸಿಲ್ ಹಿಡಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ದೋಣಿಯ ಮಾದರಿ ಕಟ್ಟಲು ಕಲಿಯಲೆಂದು ನಾವುಂದದ ದಾಮೋದರಣ್ಣನಲ್ಲಿಗೆ ಅವಳನ್ನು ಮತ್ತೆ ಕಳಿಸಬೇಕೇ ಬೇಡವೇ ಎಂಬ ಚಿಂತೆ ಕುಕ್ಕರ್ ಇಡುವಾಗಲೂ ಬಿಡುತ್ತಿರಲಿಲ್ಲ.

ದಾಮೋದರಣ್ಣ ಯಾವುದನ್ನೂ ಪೂರ್ತಿ ಕತ್ತರಿಸಿದ್ದನ್ನು ಕಂಡವರಿಲ್ಲ. ಬಿಳಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಉಕ್ಕಿನ ಸ್ಕೇಲನ್ನಿಟ್ಟು, ಉಸಿರು ಬಿಗಿಹಿಡಿದು, ಮಲಗಿದ ಕೂಸಿನ ಬೆನ್ನು ಸವರುವಷ್ಟು ಹಗುರವಾಗಿ ಚೂರಿಯನ್ನು ಮೂರು ಸಲ ಎಳೆಯುತ್ತಾರೆ. ಆಮೇಲೆ ಆ ಗೀರನ್ನು ಮೇಜಿನ ಅಂಚಿಗೆ ಹೊಂದಿಸಿ ಅಂಗೈಯಿಂದ ಒತ್ತಿದರೆ, ಹಾಳೆ ಟಕ್ಕೆಂದು ತಾನಾಗಿ ನೇರಕ್ಕೆ ಬಿಟ್ಟುಕೊಡುತ್ತದೆ. ಮುರಿದ ಅಂಚನ್ನು ಅವರು ಕಣ್ಣಿನಿಂದ ಪರೀಕ್ಷಿಸುವುದಿಲ್ಲ, ಕೆನ್ನೆಗೆ ಸವರಿಕೊಳ್ಳುತ್ತಾರೆ.

ಮೂವತ್ತು ವರ್ಷ ಫೈಬರ್ ದೋಣಿಗಳ ಅಚ್ಚು ಮಾಡಿದ ಅವರು ಅಂಗಳದಲ್ಲೂ ಕಾಲಗಲಿಸಿ, ನೆಲ ಈಗಲೋ ಆಗಲೋ ವಾಲೀತೆಂಬ ಅನುಮಾನದಲ್ಲಿ ನಡೆಯುತ್ತಾರೆ. ಗುಜರಿಗೆ ಹೋಗುವ ಬೋಟಿನ ರೂಪವಾದರೂ ಮನೆಯ ಗಾಜಿನ ಪೆಟ್ಟಿಗೆಯಲ್ಲಿರಲಿ ಎಂದು ಬರುವ ಮೀನುಗಾರರಿಗೆ ಈಗ ಮೊಳದುದ್ದದ ಮಾದರಿ ಕಟ್ಟಿಕೊಡುತ್ತಾರೆ. ಮೂತಿಯ ಬಾಗು ಬರಬೇಕಾದರೆ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಬಾಟಲಿಗೆ ಸುತ್ತಿ, ಬಟ್ಟೆ ಕಟ್ಟಿ ತಣಿಯಲು ಬಿಡುತ್ತಾರೆ. ಅದು ತಣಿಯುವವರೆಗೆ ಮುಟ್ಟಗೊಡುವುದಿಲ್ಲ. ತನ್ನ ಬೋಟಿನ ಮಾದರಿಗೆ ಕಾಯುತ್ತಿದ್ದ ಚಂದ್ರ ಒಮ್ಮೆ ರೇಗಿಸಿದ: "ಹ್ವಾಯ್ ದಾಮೋದರಣ್ಣ, ಇದ್ ನೀರಿಗಿಳೂಕೆ ಇನ್ನೆಷ್ಟ್ ಮಳ್ಗಾಲ ಬೇಕ್?"

"ನಂದ್ ನೀರಿಗಿಳೂದೇ ಇಲ್ಲೆ, ಅದ್ಕೇ ಮುಳ್ಗುದೂ ಇಲ್ಲೆ" ಎಂದು ದಾಮೋದರಣ್ಣ ತಲೆಯೆತ್ತದೆ ಉತ್ತರಿಸಿದರು.

ಬೆರಳು ಕೊಯ್ದ ಆ ಭಾನುವಾರ, ಚಂದನಾಳನ್ನು ಕರೆತರಲು ಬಂದ ನಾನು ಒಳಗೆ ಹೋದಾಗ ಅವರು ತಮ್ಮ ಹೆಗಲ ಬೈರಾಸನ್ನೇ ಹರಿದು ಮಗಳ ಬೆರಳಿಗೆ ಸುತ್ತುತ್ತಿದ್ದರು. ಮೈಸೂರಿನಲ್ಲಿ ಓದಿ ಕಲಿತ ನನ್ನ ಸೌಜನ್ಯವೆಲ್ಲ ಆ ರಕ್ತ ಕಂಡೊಡನೆ ಎಲ್ಲಿ ಹೋಯಿತೋ. ಮಕ್ಕಳ ಕೈಗೆ ಚೂರಿ ಕೊಡುವ ಬುದ್ಧಿ ಯಾರದ್ದೆಂದು ಕೂಗಾಡಿದೆ, ಇನ್ನು ಕಳಿಸುವುದಿಲ್ಲವೆಂದೆ.

"ತಪ್ಪ್ ನಂದೇ. ಮಗಿಗೆ ಬೈಬೇಡಿ" ಎಂದಷ್ಟೇ ಹೇಳಿದರು.

ನಿನ್ನೆ ಊಟ ಮಾಡುತ್ತ ಚಂದನಾ ನಿಜ ಹೇಳಿದಳು. ನಾನು ಗೇಟಿನಲ್ಲಿ ಸ್ಕೂಟರಿನ ಹಾರ್ನ್ ಒತ್ತುತ್ತಲೇ ಇದ್ದೆನಂತೆ. ಮೂರು ಗೀರಿಗೆ ಪುರುಸೊತ್ತಿಲ್ಲವೆಂದು ಇವಳು ಒಂದೇ ಸಲಕ್ಕೆ ಒತ್ತಿ ಎಳೆದಳಂತೆ, ಚೂರಿ ಜಾರಿತಂತೆ. ಹೇಳಲು ಇಷ್ಟು ದಿನ ತಡೆದದ್ದೇಕೆಂದರೆ, ಅವಳು ಅಜ್ಜ ಎನ್ನುವ ದಾಮೋದರಣ್ಣನೇ ಬೇಡವೆಂದಿದ್ದರು: "ಅಮ್ಮಂಗೆ ಹೇಳ್ಬೇಡ, ಬೇಜಾರ್ ಮಾಡ್ಕಂತ್ರ್."

ನಾನು ಅನ್ನ ಬಿಟ್ಟೆದ್ದು ಕೈ ತೊಳೆದೆ.

ಬಲ ಹಾಕಿದರೆ ಏನಾಗುತ್ತದೆಂದು ಕೈಯಾರೆ ಬಲ್ಲವರು ಮನುಷ್ಯರ ಮೇಲೂ ಬಲ ಹಾಕಲಾರರು. ಅಂಥವರು ವಾದಿಸದೆ ಸೋತು ಕೂರುತ್ತಾರೆ, ನಾವು ಅದನ್ನೇ ತಪ್ಪೊಪ್ಪಿಗೆ ಎಂದುಕೊಳ್ಳುತ್ತೇವೆ.

ಇವತ್ತು ಬೆಳಿಗ್ಗೆ ಮೂರು ಸಲ ಅವರ ನಂಬರ್ ಒತ್ತಿ ಕತ್ತರಿಸಿ, ನಾಲ್ಕನೆಯ ಸಲ ರಿಂಗಾಗಲು ಬಿಟ್ಟೆ.

"ನಾನು, ಚಂದನಾಳ ಅಮ್ಮ" ಎಂದೆ. "ಹಾರ್ನ್ ಹೊಡೆದವಳು."

ಆ ಕಡೆ ಚೂರಿ ಕೆಳಗಿಟ್ಟ ಸದ್ದು. ಆಮೇಲೆ ಕೇಳಿದರು: "ಮಗಿ ಬೆರಳ್ ಮಡ್ಚುತ್ತಾ?"

"ಮಡಚುತ್ತದೆ. ಭಾನುವಾರ ಕಳಿಸುತ್ತೇನೆ. ಮುಗಿದ ಮೇಲೆ ನೀವೇ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ."