ಒಂದು ಮೀಟರ್ ಕಡಿಮೆ

“ಮಣ್ಣು ಹಾಕೋ ಮಾರಾಯ, ಹಿಂದಿರೋರು ಚಳಿಗೆ ಸಾಯ್ತಿದಾರೆ,” ಎಂದು ಹಿಂದೆ ನಿಂತಿದ್ದ ಸಿಲ್ವೊ ಗಾಶ್ಪರನ ಬೆನ್ನಿಗೆ ತಿವಿದ.

ಗಾಶ್ಪರ್ ಮುಷ್ಟಿ ಬಿಡಿಸಿದ. ಹೆಪ್ಪುಗಟ್ಟಿದ ಮಣ್ಣು ತಮ್ಮ ಲೊವ್ರೊನ ಶವಪೆಟ್ಟಿಗೆಯ ಮೇಲೆ ದಡಬಡ ಬಿತ್ತು. ಐವತ್ತು ವರ್ಷದಿಂದ ತಮ್ಮನಿಗೆ ಹೇಳಬೇಕೆಂದಿದ್ದ ಮಾತು ಮಾತ್ರ ಬಾಯೊಳಗೇ ಉಳಿದಿತ್ತು.

ಸಾವಿನೂಟಕ್ಕೆ ಹೋಟೆಲಿಗೆ ನಡೆಯುವಾಗ ಸಿಲ್ವೊನ ಬಾಯಿ ಸುಮ್ಮನಿರಲಿಲ್ಲ. “ಇಪ್ಪತ್ತೆರಡು ವರ್ಷ! ಪ್ಲಾನಿತ್ಸಾದಲ್ಲಿ ಸ್ಕೀ ಜಿಗಿತದ ಸ್ಪರ್ಧೆಗೆ ಮುಂಚೆ ಇಳಿಜಾರು ಸರಿ ಇದೆಯಾ ಅಂತ ನೋಡೋಕೆ ಲೊವ್ರೊನೇ ಹಾರಬೇಕು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪಾಪ!”

*

ಐವತ್ತು ವರ್ಷದ ಹಿಂದೆ ಸ್ಕೀ ಜಿಗಿತದ ದೂರ ಅಳೆಯಲು ಯಂತ್ರವಿರಲಿಲ್ಲ. ಇಳಿಜಾರಿನ ಪಕ್ಕ ಸಾಲಾಗಿ ನಿಂತವರು, ಹಾರಿದವನ ಪಾದ ತಾಕಿದಲ್ಲಿಗೆ ಕೈ ತೋರಿಸಬೇಕು. ಗಾಶ್ಪರ್ ಅವರಲ್ಲೊಬ್ಬ. ಯುಗೊಸ್ಲಾವಿಯ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಪೈಪೋಟಿ ಸಿಲ್ವೊ ಮತ್ತು ಲೊವ್ರೊ ನಡುವೆ.

“ತಮ್ಮನಿಗೆ ಒಂದು ಮೀಟರ್ ಉಡುಗೊರೆ ಕೊಡ್ತೀಯೇನೋ?” ಎಂದು ಬೆಳಿಗ್ಗೆಯೇ ಸಿಲ್ವೊ ಎಲ್ಲರೆದುರು ಕೆಣಕಿದ್ದ. ಜನ ನಕ್ಕಿದ್ದರು.

ಲೊವ್ರೊ ಎಂಬತ್ಮೂರು ಮೀಟರಿನಲ್ಲಿ ಇಳಿದದ್ದನ್ನು ಗಾಶ್ಪರ್ ಕಣ್ಣಾರೆ ಕಂಡ. ಊರ ಬಾಯಿಗೆ ಹೆದರಿದ ಕೈ ಎಂಬತ್ತೆರಡನ್ನು ತೋರಿಸಿತು. ಅರ್ಧ ಮೀಟರಿನಿಂದ ಗೆದ್ದ ಸಿಲ್ವೊ ಪರದೇಶದ ಸ್ಪರ್ಧೆಗೆ ಹೋಗಿ ನಲವತ್ತೊಂದನೆಯವನಾಗಿ ಬಂದ. ಲೊವ್ರೊ ಮನೆಗಳಿಗೆ ಛಾವಣಿ ಹೊದಿಸುವ ಕೆಲಸಕ್ಕೆ ಸೇರಿದ.

*

ಹೋಟೆಲಿನಲ್ಲಿ ಲೊವ್ರೊನ ಹೆಂಡತಿ ಮಿಂಕಾ ತಾನೇ ಸಾರು ಬಡಿಸುತ್ತಿದ್ದಳು. ಅವಳು ಹತ್ತಿರ ಬಂದಾಗ ಗಾಶ್ಪರ್ ತಗ್ಗಿದ ದನಿಯಲ್ಲಿ ಹೇಳಿಯೇಬಿಟ್ಟ. “ಮಿಂಕಾ, ಅವತ್ತು ಅವನು ಎಂಬತ್ಮೂರು ಹಾರಿದ್ದ. ನಾನೇ ಕಮ್ಮಿ ತೋರಿಸ್ದೆ.”

ಅವಳ ಸೌಟು ನಿಲ್ಲಲಿಲ್ಲ. “ಗೊತ್ತು ಭಾವ. ಅವರಿಗೂ ಗೊತ್ತಿತ್ತು. ಎಲ್ಲಿ ಇಳಿದೆ ಅಂತ ಹಾರಿದವರ ಕಾಲಿಗೆ ಗೊತ್ತಾಗಲ್ವಾ?”

“ಮತ್ತೆ ಒಂದು ದಿನವೂ ಕೇಳ್ಲಿಲ್ಲ...”

“ಪ್ರತಿ ಭಾನುವಾರ ನಿಮ್ಮನ್ನ ಊಟಕ್ಕೆ ಯಾಕೆ ಕರೀತಿದ್ರು ಅಂದ್ಕೊಂಡ್ರಿ? ಅಣ್ಣ ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ ಕಾಯ್ತಿದ್ರು. ನೀವು, ಸಾರು ಚೆನ್ನಾಗಿತ್ತು ಅಂತ ಹೇಳಿ ಎದ್ದು ಹೋಗ್ತಿದ್ರಿ.” ಅವಳು ಊಟಕ್ಕೆ ಕೂತವರತ್ತ ಸೌಟು ತೋರಿಸಿದಳು. “ನನಗೆ ಹೇಳಿ ಏನು ಬಂತು? ಇಲ್ಲಿ ಕೂತಿದಾರಲ್ಲ, ಇವರಿಗೆ ಹೇಳಿ.”

ಗಾಶ್ಪರನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಅಷ್ಟರಲ್ಲಿ ಸಿಲ್ವೊ ಗ್ಲಾಸು ಹಿಡಿದು ಎದ್ದ.

“ಸ್ವಂತ ತಮ್ಮ ಅಂತಲೂ ನೋಡದೆ ನ್ಯಾಯ ಹೇಳಿದ ಮನುಷ್ಯ ನಮ್ಮ ಗಾಶ್ಪರ್! ಮಾತಾಡೋ, ತಮ್ಮನ ಬಗ್ಗೆ ಎರಡು ಮಾತಾಡು.”

ಎಲ್ಲರೂ ಎದ್ದು ನಿಂತರು. ಗಾಶ್ಪರನೂ ಎದ್ದ. ಮಿಂಕಾ ಸೌಟು ಹಿಡಿದು ಅವನನ್ನೇ ನೋಡುತ್ತಿದ್ದಳು.

“ಲೊವ್ರೊ...” ಎಂದ. ಎಲ್ಲರ ಮುಖ ನೋಡಿದ. “ಲೊವ್ರೊ ತುಂಬಾ ಒಳ್ಳೆಯವನು.”

ಎಲ್ಲರೂ ಗ್ಲಾಸು ಎತ್ತಿ ಕುಡಿದರು, ಅವನೂ ಕುಡಿದ. ಮಿಂಕಾ ಬಂದು, ಅವನ ಮುಂದೆ ಇನ್ನೂ ಹಬೆಯಾಡುತ್ತಿದ್ದ ಸಾರಿನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.